ಬೀರುವಿನೊಳಗಿನ ಉಪ್ಪು

ನಮ್ಮ ಸ್ಕೂಲಿನ ಹೆಂಗಸರಿಗೆ ನನ್ನ ಉಪ್ಸಾರಿನ ಮೇಲೆ ಅದೇನು ಆಸೆಯೋ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಾಕು, ಮೂರು ಕೈ ಮುಂದೆ ಬರುತ್ತವೆ. ಬರಲಿ, ಬೇಡ ಅನ್ನುವವಳಲ್ಲ ನಾನು. ತಿಂದು ಕೈ ತೊಳೆದ ಮೇಲೆ ‘ಹೆಂಗ್ ಮಾಡ್ತೀರ, ಒಸಿ ಹೇಳ್ರಿ’ ಅಂತ ಶುರುಮಾಡುತ್ತಾರೆ. ಅದನ್ನೂ ಹೇಳುತ್ತೇನೆ. ಉಪ್ಪು ಎಷ್ಟು ಅಂತ ಕೇಳಿದಾಗ ಮಾತ್ರ ಸಿಡುಕುತ್ತೇನೆ. ಯಾಕೆ ಅಂತ ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ.

ಮಾಡುವುದು ಸುಲಭ. ಅಲಸಂದೆ ಕಾಳನ್ನು ರಾತ್ರಿ ನೆನೆಹಾಕಲು ಮರೆತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಕುದಿಯುವ ನೀರಿನ ಜೊತೆ ಹಾಟ್‌ಬಾಕ್ಸಿಗೆ ಸುರಿದು ಮುಚ್ಚಿಡಿ, ಕಸ, ಸ್ನಾನ, ದೇವರ ದೀಪ ಮುಗಿಯುವಷ್ಟರಲ್ಲಿ ಬೇಯಿಸುವಷ್ಟು ನೆಂದಿರುತ್ತದೆ. ಕಾಳು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪು ಹಾಕಿ. ಸೊಪ್ಪು ಬೆಂದ ಮೇಲೆ ನೀರು ಬಸಿದುಕೊಳ್ಳಿ. ಆ ಬಸಿದ ಕಟ್ಟೇ ಸಾರು, ಅದನ್ನು ಚೆಲ್ಲಿದವರು ನನ್ನ ಕಣ್ಣಿಗೆ ಬೀಳಬಾರದು. ಕೆಳಗೆ ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಖಾರಕ್ಕೆ ಒಣಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಹುಣಸೆಹಣ್ಣು ಸೇರಿಸಿ ರುಬ್ಬಿ, ಬೇರೆಯಾಗಿಯೇ ಇಡಿ. ತಟ್ಟೆಯಲ್ಲಿ ಮುದ್ದೆ, ಪಕ್ಕಕ್ಕೆ ಸಾರು, ಅಂಚಿನಲ್ಲಿ ಖಾರ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಲಿ. ಬೆಳ್ಳುಳ್ಳಿ ಸುಲಿಯುತ್ತ ಕೂರಬೇಡಿ, ಎಸಳು ಬಿಡಿಸಿ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಗೆ ಹಾಕಿ ಜೋರಾಗಿ ಕುಲುಕಿದರೆ ಸಿಪ್ಪೆ ತಾನೇ ಬಿಡುತ್ತದೆ.

ಈ ಡಬ್ಬಿ ಕುಲುಕುವುದನ್ನು ಮೊದಲ ಸಲ ನೋಡಿದ ದಿನ ನಮ್ಮತ್ತೆ ಒಲೆ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು.

‘ಡಬ್ಬಿ ಕುಣಿಸಿ ಅಡುಗೆ ಮಾಡೋಳ ಇವತ್ತೇ ಕಣವ್ವ ನಾನ್ ನೋಡ್ತಿರದು’ ಅಂದರು.

ನಾನು ಸರಗೂರು ಕಡೆಯವಳು, ಮಳೆ ನಂಬಿದ ಹೊಲದ ಮನೆಯವಳು. ಮದುವೆಯಾಗಿ ಬಂದಿದ್ದು ಮಿರ್ಲೆ ಹತ್ತಿರದ ಈ ಊರಿಗೆ, ನಾಲೆ ನೀರಿನ ಗದ್ದೆಯ ಮನೆಗೆ. ಕೆ.ಆರ್. ನಗರದ ಸ್ಕೂಲಿನಲ್ಲಿ ಟೀಚರ್ ಕೆಲಸ. ಎಂಟು ಗಂಟೆ ಬಸ್ಸು ಹಿಡಿಯುವವಳಿಗೆ ಅತ್ತೆಯ ಹಾಗೆ ನಿಧಾನಕ್ಕೆ ಅಡುಗೆ ಮಾಡಲು ಆಗುತ್ತದೆಯೇ? ಅದಕ್ಕೇ ನನ್ನದೆಲ್ಲ ಅಡ್ಡದಾರಿ. ಹುಣಸೆ ರಸ ವಾರಕ್ಕಾಗುವಷ್ಟು ಒಂದೇ ಸಲ ಕುದಿಸಿ ಫ್ರಿಜ್ಜಿನಲ್ಲಿಡುತ್ತಿದ್ದೆ. ಮುದ್ದೆ ಗಂಟಾಗದಿರಲಿ ಅಂತ ಎಸರಿಗೆ ಮೊದಲೇ ಒಂದು ಚಮಚ ರಾಗಿಹಿಟ್ಟು ಕದಡಿ ಬಿಡುತ್ತಿದ್ದೆ. ಅತ್ತೆ ಆಡಿಕೊಳ್ಳುತ್ತಿದ್ದರು, ಆರು ತಿಂಗಳು ಬಿಟ್ಟು ನೋಡಿದರೆ ಅವರೂ ಡಬ್ಬಿ ಕುಲುಕುತ್ತಿದ್ದರು. ನಾನು ನೋಡಿದ್ದು ಗೊತ್ತಾಗಿ ‘ಕೈ ನೋಯ್ತದೆ ಕಣವ್ವ, ಅದ್ಕೆಯ’ ಅಂದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವರ ಹತ್ತಿರಕ್ಕೂ ಬರಲಿಲ್ಲ. ಅತ್ತೆ ಯಾವತ್ತೂ ಅಡುಗೆಯ ರುಚಿ ನೋಡಿದವರಲ್ಲ. ಸಾರಿಗೆ ಉಪ್ಪು ಹಾಕಿ, ಬಗ್ಗಿ ಹಬೆ ಮೂಸಿ, ಸರಿ ಅನ್ನುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ನಾನೋ, ಅಂಗೈ ಮೇಲೆ ತೊಟ್ಟು ಬಿಟ್ಟುಕೊಂಡು ನೆಕ್ಕದೆ ಒಲೆ ಆರಿಸಿದವಳೇ ಅಲ್ಲ. ಪಿತೃಪಕ್ಷದ ದಿನ ಮಾತ್ರ ಅದು ನಡೆಯುತ್ತಿರಲಿಲ್ಲ. ತೀರಿಹೋದ ಹಿರಿಯರಿಗೆ ಎಡೆ ಇಡುವವರೆಗೆ ಯಾರೂ ಅಡುಗೆ ಬಾಯಿಗೆ ಹಾಕುವಂತಿಲ್ಲ. ಹಾಕಿದರೆ ಎಂಜಲು. ಹಾಗಾಗಿ ಆ ಒಂದು ದಿನ ಅಡುಗೆಮನೆಯನ್ನು ಅತ್ತೆಗೆ ಬಿಟ್ಟು ನಾನು ತೆಂಗಿನಕಾಯಿ ತುರಿಯುತ್ತ ಕೂರುತ್ತಿದ್ದೆ.

ಆಮೇಲೆ ಅತ್ತೆಯ ಕಾಲು ಊದಿಕೊಂಡವು. ಮೈಸೂರಿನಲ್ಲಿ ತೋರಿಸಿದೆವು. ಕಿಡ್ನಿ ಸೋತಿದೆ, ಉಪ್ಪು ಪೂರ್ತಿ ಬಿಡಿಸಿ ಅಂದರು ಡಾಕ್ಟರು. ನಮ್ಮ ಯಜಮಾನರು ತಲೆಯಾಡಿಸಿದರು, ಮಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಬಿಡಿಸುವ ಕೆಲಸ ಯಾರ ಪಾಲಿಗೆ ಬರುತ್ತದೆ ಅಂತ ನನಗೆ ಅಲ್ಲೇ ಗೊತ್ತಾಗಿತ್ತು.

ಬಿಡಿಸಿದೆ. ನನ್ನದು ಹಿಡಿದರೆ ಬಿಡದ ಬುದ್ಧಿ. ಬೆಳಿಗ್ಗೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಉಪ್ಪಿಲ್ಲದೆ ಸಾರು ಮಾಡುತ್ತಿದ್ದೆ. ಅತ್ತೆಯ ಪಾಲನ್ನು ಮೊದಲು ಬೇರೆ ಬಟ್ಟಲಿಗೆ ತೆಗೆದಿಟ್ಟು, ಉಳಿದಿದ್ದಕ್ಕೆ ಆಮೇಲೆ ಉಪ್ಪು. ಖಾರವೂ ಹಾಗೆಯೇ. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಜಾಡಿ ಹುಡುಕುತ್ತಿದ್ದರು. ಮಾರನೆಯ ದಿನದಿಂದ ಉಪ್ಪಿನ ಜಾಡಿಯನ್ನು ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡು ಸ್ಕೂಲಿಗೆ ಹೋಗತೊಡಗಿದೆ. ಸೀರೆಯ ಜೊತೆ ಉಪ್ಪಿಗೆ ಬೀಗ ಹಾಕಿದವಳು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅತ್ತೆ ಮೊದಮೊದಲು ತಮಾಷೆಯಾಗಿ ಕೇಳುತ್ತಿದ್ದರು. ‘ಉಪ್ಪಿಲ್ದೆ ಇದ್ನ ಉಪ್ಸಾರು ಅಂತ ಎಂಗವ್ವ ಕರೀಲಿ?’ ಬರಬರುತ್ತ ತಮಾಷೆ ನಿಂತಿತು. ತಟ್ಟೆ ಮುಂದಿಟ್ಟುಕೊಂಡು ಮುದ್ದೆಯನ್ನು ಮುರಿದು ಮುರಿದು ಸುಮ್ಮನೆ ಕೂರುವರು. ಒಂದು ದಿನ ನಾನು ಬಸ್ಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನನ್ನ ಸೆರಗು ಹಿಡಿದರು.

‘ಒಂದೇ ಒಂದ್ ಅಳ್ಳು ಉಪ್ಪು ಕೊಟ್ಬುಟ್ಟು ಓಗವ್ವ. ಇವತ್ತೊಂದಿನ.’

ಕೇಳಿದ್ದು ಒಂದು ಹರಳು ಉಪ್ಪು, ಅಷ್ಟೇ. ಬಸ್ಸಿಗೆ ಹೊತ್ತಾಗಿತ್ತು. ಅವರ ಕಾಲು ಹಿಂದಿನ ದಿನಕ್ಕಿಂತ ಊದಿತ್ತು. ಭಯ, ಸಿಟ್ಟು ಎರಡೂ ಒಟ್ಟಿಗೆ ಬಂದವು. ‘ಉಪ್ಪು ಬೇಕಾ, ಜೀವ ಬೇಕಾ ಅತ್ತೆ, ಒಂದು ಹೇಳಿ. ನಿಮ್ಮ ನಾಲಿಗೆಗೋಸ್ಕರ ನಾವೆಲ್ಲ ಆಸ್ಪತ್ರೆ ಸುತ್ತೋಕೆ ಆಗಲ್ಲ’ ಅಂದುಬಿಟ್ಟೆ. ಅವರು ಸೆರಗು ಬಿಟ್ಟರು. ಮತ್ತೆ ಯಾವತ್ತೂ ಕೇಳಲಿಲ್ಲ. ಆಗ ನಾನು, ಸದ್ಯ, ಬುದ್ಧಿ ಬಂತಲ್ಲ ಅಂದುಕೊಂಡೆ. ಹಾಗಂದುಕೊಂಡಿದ್ದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆಷಾಢದ ಒಂದು ಬೆಳಿಗ್ಗೆ ಅತ್ತೆ ಹೋದರು.

ತಿಥಿ ಎಲ್ಲ ಮುಗಿದ ಮೇಲೆ ಮಾವ ಊಟ ಬಿಟ್ಟರು. ಪೂರ್ತಿ ಬಿಡಲಿಲ್ಲ, ಉಪ್ಪು ಬಿಟ್ಟರು. ಸಾರು ಹಾಕಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುವರು. ಮುದ್ದೆ, ಉಪ್ಪಿಲ್ಲದ ಮಜ್ಜಿಗೆ, ಅದೂ ಎರಡು ತುತ್ತು. ಎಪ್ಪತ್ತು ದಾಟಿದ್ದರೂ ಗದ್ದೆಯ ಬದುವಿನ ಮೇಲೆ ನಡೆದರೆ ನಾವೇ ಹಿಂದೆ ಬೀಳಬೇಕಿತ್ತು, ಅಂಥವರು ಎರಡು ತಿಂಗಳಲ್ಲಿ ಅಂಗಿಯೊಳಗೆ ಕಾಣದಷ್ಟು ಇಳಿದುಹೋದರು. ತಲೆ ಸುತ್ತಿ ಒಂದು ಸಲ ಜಗಲಿ ಮೇಲೆ ಕುಸಿದರು. ಡಾಕ್ಟರು ಚೆನ್ನಾಗಿ ಊಟ ಮಾಡಿ ಅಂದರು, ಬೇರೆ ಕಾಯಿಲೆ ಇಲ್ಲ ಅಂದರು. ನಮ್ಮ ಯಜಮಾನರು ಬೇಡಿಕೊಂಡರು, ಬೈದರು. ಮಾವ ಬಾಯಿ ಬಿಡಲಿಲ್ಲ.

ನನಗೆ ಅರ್ಥವಾಗಿದೆ ಅಂತಲೇ ನಾನು ತಿಳಿದಿದ್ದೆ. ನನ್ನ ಹೆಂಡತಿಗೆ ಕೊಡದ ಉಪ್ಪನ್ನು ನಿನ್ನ ಕೈಯಿಂದ ನಾನೂ ಮುಟ್ಟುವುದಿಲ್ಲ ಅಂತ ಅವರು ಮೌನದಲ್ಲೇ ಹೇಳುತ್ತಿದ್ದಾರೆ. ಹೀಗೇ ಹೋದರೆ ಇವರೂ ಉಳಿಯುವುದಿಲ್ಲ, ಅದೂ ನನ್ನ ತಲೆಗೇ. ದಿನಾ ಬಸ್ಸಿನಲ್ಲಿ ಇದನ್ನೇ ನೆನೆದುಕೊಂಡು ಹೋಗುತ್ತಿದ್ದೆ. ಬಾಯಿ ಬಿಟ್ಟು ಕೇಳುವ ಧೈರ್ಯ ಬರಲಿಲ್ಲ.

ಪಿತೃಪಕ್ಷ ಬಂತು. ಅತ್ತೆಗೆ ಮೊದಲ ಎಡೆ. ಪಿರಿಯಾಪಟ್ಟಣದಿಂದ ನಾದಿನಿ ಹಿಂದಿನ ದಿನವೇ ಬಂದಳು. ಬಾಡಿನ ಸಾರು, ವಡೆ, ಪಾಯಸ ಎಲ್ಲ ಅವಳೇ ಮಾಡುತ್ತೇನೆಂದಳು. ಉಪ್ಸಾರೊಂದನ್ನು ನಾನೇ ಮಾಡುತ್ತೇನೆ ಅಂತ ಕೇಳಿ ಇಟ್ಟುಕೊಂಡೆ. ಅತ್ತೆಗೆ ಅದಕ್ಕಿಂತ ಇಷ್ಟವಾದದ್ದು ಇರಲಿಲ್ಲ. ಈ ಒಂದು ಸಲ ಕೈತುಂಬ ಉಪ್ಪು ಹಾಕಿ ಬಡಿಸಬೇಕು, ಬಂದು ಉಂಡು ಹೋಗಲಿ, ನನ್ನ ಮಾತನ್ನು ಮರೆಯಲಿ ಅನ್ನುವುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು. ಅವತ್ತು ಅಡ್ಡದಾರಿ ಯಾವುದೂ ಬೇಡವೆಂದು ಬೆಳ್ಳುಳ್ಳಿಯನ್ನು ಒಂದೊಂದಾಗಿ ಉಗುರಿನಲ್ಲಿ ಸುಲಿದೆ. ಒರಳಿನಲ್ಲಿ ಖಾರ ಅರೆದೆ. ರುಚಿ ನೋಡುವ ಹಾಗಿರಲಿಲ್ಲ, ನೋಡಲೂ ಇಲ್ಲ.

ನಡುಮನೆಯಲ್ಲಿ ಅತ್ತೆಯ ಫೋಟೊ ಮುಂದೆ ಬಾಳೆ ಎಲೆ ಹಾಸಿ, ಹೊಸ ಸೀರೆ ಇಟ್ಟು, ಎಲ್ಲವನ್ನೂ ಬಡಿಸಿದೆವು. ನಮ್ಮ ಯಜಮಾನರು ಧೂಪ ಹಾಕಿ ಕಾಯಿ ಒಡೆದರು. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗಲಿಗೆ ಬಂದೆವು. ಒಂದಷ್ಟು ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು, ಆಮೇಲೆ ಆ ಎಡೆಯ ಎಲೆಯನ್ನು ಮನೆಯ ಹಿರಿಯರು ಉಣ್ಣುವುದು ನಮ್ಮಲ್ಲಿನ ಪದ್ಧತಿ. ಮಾವ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ.

ಕಾಯುವ ಹೊತ್ತಿನಲ್ಲಿ ನಾನು ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋದೆ. ಜಾಡಿ ಈಗ ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಮುಚ್ಚಳ ತೆಗೆದು, ಹಿಡಿಯಲ್ಲಿ ಉಪ್ಪು ತೆಗೆದು, ಸಾರಿನ ಪಾತ್ರೆಗೆ ಹಾಕಿ ಸೌಟಿನಲ್ಲಿ ತಿರುವುತ್ತಿದ್ದೆ. ತಿರುವುತ್ತಿದ್ದ ಕೈ ಅಲ್ಲೇ ನಿಂತಿತು.

ಅತ್ತೆಯ ಪಾಲನ್ನು ತೆಗೆದಿಟ್ಟು ಆಮೇಲೆ ಉಪ್ಪು. ಹತ್ತು ತಿಂಗಳು ಹಾಗೆಯೇ ಮಾಡಿದ ಕೈ. ಅವತ್ತೂ ಹಾಗೆಯೇ ಮಾಡಿತ್ತು.

ಹೇಗೆ ಜಗಲಿಗೆ ಬಂದೆನೋ ಗೊತ್ತಿಲ್ಲ. ‘ಎಡೆ ಸಾರಿಗೆ ಉಪ್ಪು ಹಾಕಲಿಲ್ಲ ಮಾವ’ ಅಂದೆ. ‘ಖಾರಕ್ಕೂ ಹಾಕಲಿಲ್ಲ.’

ನಾದಿನಿ ಎದ್ದು ನಿಂತಳು. ‘ಸತ್ ಮ್ಯಾಲೂ ನಮ್ಮವ್ವಂಗೆ ಉಪ್ಪಿಲ್ದೆ ಇಕ್ಕಿದ್ಯಲ್ಲ ಅತ್ತಿಗೆ’ ಅಂದಳು. ನಮ್ಮ ಯಜಮಾನರು ಅವಳನ್ನು ಸುಮ್ಮನಿರು ಅಂದರು. ನಾನು ಕಂಬಕ್ಕೆ ಒರಗಿ ಕೂತೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮಾವ ಎದ್ದು ಕೊಟ್ಟಿಗೆ ಕಡೆ ನಡೆದರು. ವಾಪಸು ಬಂದಾಗ ಅವರ ಕೈಯಲ್ಲಿ ಒಂದು ತೆಂಗಿನ ಚಿಪ್ಪು ಇತ್ತು. ಅದರಲ್ಲಿ ಹಸುಗಳ ಕಲಗಚ್ಚಿಗೆ ಹಾಕುವ ಕಲ್ಲುಪ್ಪು, ಕೊಟ್ಟಿಗೆಯ ಗೋಡೆಗೂಡಿನಲ್ಲಿ ಯಾವಾಗಲೂ ಇರುವಂಥದ್ದು. ಜಾಡಿಗೆ ಬೀಗ ಹಾಕಿದವಳಿಗೆ ಆ ಚಿಪ್ಪು ಒಂದು ದಿನವೂ ನೆನಪಾಗಿರಲಿಲ್ಲ. ಮಾವ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು.

‘ನಾನ್ ಕೊಡ್ತಿದ್ದೆ ಕಣವ್ವ’ ಅಂದರು. ‘ನೀನ್ ಬಸ್ಸತ್ತಿದ್ ಮ್ಯಾಲೆ. ದಿನಾ ಒಂದ್ ಅಳ್ಳು. ಹಲ್ಲಲ್ಲಿ ಕಚ್ಚಿ ಅರ್ಧ ಅವ್ಳಿಗೆ ಕೊಡ್ತಿದ್ದೆ, ಅರ್ಧ ನಾನ್ ಚೀಪ್ತಿದ್ದೆ.’

ಮಾವ ಚಿಪ್ಪಿನೊಳಗೆ ನೋಡುತ್ತಲೇ ಹೇಳಿದರು.

‘ನೀನ್ ಅವ್ಳನ್ನ ಉಳುಸ್ಕಳಕೆ ಒದ್ದಾಡ್ತಿದ್ದೆ. ನಾನೇ ಕೈಯಾರ ಕಳ್ಕಂಡೆ. ಆ ಉಪ್ಪು ನನ್ ಗಂಟಲಲ್ಲಿ ಇಳೀತಿಲ್ಲ ಕಣವ್ವ.’

ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಓಡಾಡಿದ್ದೆವು. ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಅಷ್ಟು ಹೇಳಿದ್ದರು. ಆಮೇಲೆ ಅತ್ತೆಯ ನಾಲಿಗೆಯ ಮೇಲೆ ಆ ಅರ್ಧ ಹರಳು ಕರಗುವುದು ಕಣ್ಣಿಗೆ ಕಟ್ಟಿತು. ಬೋರೆಂದು ಅತ್ತುಬಿಟ್ಟೆ.

‘ಅತ್ತೆ ನನ್ನ ಬೈಕೊಂಡ್ರಾ ಮಾವ?’ ಅಂತ ಕೇಳಿದೆ.

‘ಇಲ್ಲ ಕಣವ್ವ. ಅವ್ಳ್ಗೆ ಏಳ್ಬೇಡಿ ಅಂತಿದ್ಲು. ನನ್ನ ಬದುಕುಸ್ಕಳಕೆ ಪಾಪ ಬಡ್ಕತಾವ್ಳೆ, ಗೊತ್ತಾದ್ರೆ ನೊಂದ್ಕತಾಳೆ ಅಂತಿದ್ಲು.’

ನಾದಿನಿ ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಕೈ ನನ್ನ ಬೆನ್ನ ಮೇಲಿತ್ತು. ‘ಅರ್ಧ ಅಳ್ಳಿಗೆ ಯಾರೂ ಸಾಯಲ್ಲ ಮಾವ’ ಅಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರನ್ನು ಕೇಳಲೂ ಇಲ್ಲ, ಕೇಳುವುದೂ ಇಲ್ಲ.

ಚಿಪ್ಪು ತೆಗೆದುಕೊಂಡು ಎದ್ದು ನಡುಮನೆಯ ಬಾಗಿಲು ಮೂರು ಸಲ ತಟ್ಟಿ ಒಳಗೆ ಹೋದೆ. ಧೂಪದ ಹೊಗೆ ಇನ್ನೂ ಇತ್ತು. ಎಲೆಯ ಮೇಲೆ ಉಪ್ಸಾರಿನ ದೊನ್ನೆಯ ಪಕ್ಕದಲ್ಲಿ ಒಂದು ಹರಳು ಇಟ್ಟೆ. ನನ್ನ ಕೈಯಿಂದ ಅತ್ತೆಗೆ ಅಷ್ಟು ದಿನಗಳ ಮೇಲೆ ಕೊಟ್ಟ ಉಪ್ಪು ಅದು. ‘ತಗೊಳ್ಳಿ ಅತ್ತೆ’ ಅಂದೆ. ಮತ್ತೆ ಬಾಗಿಲು ಮುಚ್ಚಿ ಬಂದು ಇನ್ನೂ ಸ್ವಲ್ಪ ಹೊತ್ತು ಹೊರಗೆ ಕೂತೆವು. ಎರಡು ಸಲ ಬಾಗಿಲು ಮುಚ್ಚುವುದು ಪದ್ಧತಿಯಲ್ಲಿ ಇಲ್ಲ. ಯಾರೂ ಆ ಮಾತು ಎತ್ತಲಿಲ್ಲ.

ಒಳಗೆ ಹೋದಾಗ ಮಾವ ಎಡೆಯ ಎಲೆ ಮುಂದೆ ಕೂತರು. ಹರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೆಗೆದು ಹಲ್ಲಿನಲ್ಲಿ ಕಟಕ್ಕನೆ ಕಚ್ಚಿ, ಅರ್ಧವನ್ನು ಎಲೆಯ ತುದಿಯಲ್ಲಿ ಇಟ್ಟು, ಇನ್ನರ್ಧವನ್ನು ದೊನ್ನೆಯ ಸಾರಿಗೆ ಹಾಕಿ ಬೆರಳಿನಲ್ಲಿ ಕದಡಿದರು. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟರು. ನಾನು ಅವರ ಗಂಟಲನ್ನೇ ನೋಡುತ್ತ ನಿಂತಿದ್ದೆ. ತುತ್ತು ಇಳಿಯಿತು.

‘ಉಪ್ಪು ಸರಿಯಾಗಿ ಅದೆ’ ಅಂದರು ಮಾವ. ‘ನೀನೂ ಎಲೆ ಆಕ್ಕೊಂಡು ಕೂತ್ಕ ಬಾ ಮಗ, ಬೆಳಗಿಂದ ಉಂಡಿಲ್ಲ ನೀನು.’