ವೆಲ್ಡರ್ ಹೆಣೆದ ಸ್ವೆಟರ್

ಹದಿನಾಲ್ಕು ವರ್ಷ ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು ಬೆಸೆದ ಕೈ ಅದು. ಎಡ ಮುಂಗೈ ತುಂಬ ಕಿಡಿ ಹಾರಿದ ಚುಕ್ಕೆಗಳು. ಹೆಂಡತಿಗೆ ಹೊರದೇಶದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವನೂ ಜೊತೆಗೆ ಹೊರಟ. ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯಲ್ಲಿ ಎರಡೇ ಮಾತು: ಅವಲಂಬಿತ, ದುಡಿಯುವಂತಿಲ್ಲ. ಗಂಡನ ಹಿಂದೆ ಹೋಗುವ ಹೆಂಗಸರಿಗೂ ಇದೇ ಚೀಟಿ. ಅವರನ್ನು ಯಾರೂ “ಅಲ್ಲಿ ಏನು ಮಾಡ್ಕೊಂಡಿದ್ದೀಯಮ್ಮಾ?” ಎಂದು ಕಣ್ಣು ಹೊಡೆದು ಕೇಳುವುದಿಲ್ಲ. ಇವನನ್ನು ಕೇಳದವರಿಲ್ಲ.

ಅಡುಗೆ ಮಾಡಿದ, ಬಟ್ಟೆ ಒಗೆದ, ಮೂರನೇ ಮಹಡಿಯ ಕಿಟಕಿಯಲ್ಲಿ ನಿಂತು ಬಸ್ಸು ನೋಡಿದ. ಎರಡನೇ ಚಳಿಗಾಲದ ಹೊತ್ತಿಗೆ ಬಸ್ಸೂ ಬೇಜಾರಾಯಿತು. ಬೀದಿ ಕೊನೆಯ ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಬುಧವಾರಗಳಂದು ಹೆಂಗಸರು ಸೇರಿ ಹೆಣೆಯುತ್ತಿದ್ದರು, ಕೌದಿ ಹೊಲಿಯುತ್ತಿದ್ದರು. ಬೆಚ್ಚಗಿದೆ ಎಂಬ ಒಂದೇ ಕಾರಣಕ್ಕೆ ಹೋಗಿ ಕೂತ. ಕಲಿಸುತ್ತಿದ್ದ ಅಜ್ಜಿ ಒಂದು ಕಾಲಕ್ಕೆ ಬಸ್ಸು ಓಡಿಸುತ್ತಿದ್ದವಳು. ಬಂದವನನ್ನು ಸುಮ್ಮನೆ ಕೂರಿಸುವ ಜಾಯಮಾನ ಅವಳದಲ್ಲ. ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೈಗೆ ತುರುಕಿದಳು.

ಮೊದಲ ತಿಂಗಳು ಅವನು ಹೆಣೆದದ್ದು ಕಾಲೊರಸಿನಷ್ಟು ಗಟ್ಟಿ. ಬೆಸುಗೆ ಬಿಗಿಯಿರಬೇಕು ಎಂದು ಪಳಗಿದ ಕೈ ಒಂದೊಂದು ಕುಣಿಕೆಯನ್ನೂ ಕತ್ತು ಹಿಸುಕುವಂತೆ ಎಳೆಯುತ್ತಿತ್ತು. ಮುಂದಿನ ಸಾಲಿಗೆ ಕಡ್ಡಿ ಒಳಗೆ ನುಗ್ಗುತ್ತಲೇ ಇರಲಿಲ್ಲ. ಅಜ್ಜಿ ಅವನ ಮುಂಗೈ ಮೇಲೆ ಬಡಿಯುವಳು: “ಬಿಡು, ಸಡಿಲ ಬಿಡು.” ಆ ಊರ ಭಾಷೆಯಲ್ಲಿ ಅವನು ಕಲಿತ ಮೊದಲ ಮಾತೇ ಅದು.

ಕೌದಿಯ ವಿಷಯದಲ್ಲಿ ಆಟ ತಿರುಗಿತು. ಮೇಲೆ ತುಂಡುಬಟ್ಟೆ ಕೂಡಿಸಿದ ಹಾಸು, ನಡುವೆ ಹತ್ತಿ, ಕೆಳಗೆ ಅಸ್ತರು. ಹೊಸಬರು ಒಂದಂಚಿನಿಂದ ಹೊಲಿಯುತ್ತ ಇನ್ನೊಂದಂಚು ಮುಟ್ಟುವಷ್ಟರಲ್ಲಿ ಎಲ್ಲ ಸುಕ್ಕು. ಇವನ ಕೌದಿ ಮಾತ್ರ ಹಲಗೆಯ ಹಾಗೆ ಸಪಾಟು. ತಗಡನ್ನು ಒಂದೇ ಕಡೆಯಿಂದ ಬೆಸೆದುಕೊಂಡು ಹೋದರೆ ಸೊಟ್ಟಗಾಗುತ್ತದೆ ಎಂದು ವೆಲ್ಡರನಿಗೆ ಯಾರು ಹೇಳಿಕೊಡಬೇಕು? ಮೊದಲು ಅಲ್ಲಲ್ಲಿ ಒಂದೊಂದು ಕಚ್ಚಾ ಹೊಲಿಗೆ ಹಾಕಿ ಮೂರನ್ನೂ ಹಿಡಿದು ನಿಲ್ಲಿಸಿದ. ಆಮೇಲೆ ನಡುವಿನಿಂದ ಶುರುಮಾಡಿ ಈ ಕಡೆಗೊಂದು ಸಾಲು, ಆ ಕಡೆಗೊಂದು ಸಾಲು. ಅಜ್ಜಿ ಮಗುಚಿ ನೋಡಿದಳು, ಬೆನ್ನು ನೋಡಿದಳು. ಮುಂದಿನ ಬುಧವಾರದಿಂದ ಹೊಸಬರನ್ನು ಅವನ ಪಕ್ಕಕ್ಕೇ ಕೂರಿಸಿದಳು.

ಹೊತ್ತು ಹೋಗಲು ಏನೋ ಒಂದು ಎನ್ನುತ್ತೀರಿ. ಹೆಂಗಸರ ಕೈಕೆಲಸಕ್ಕೆಲ್ಲ ನಾವು ಇಟ್ಟಿರುವ ಹೆಸರೇ ಅದು. ಗಂಡಸು ಮಾಡಿದರೆ ಆ ಹೆಸರನ್ನೂ ಕೊಡದೆ ಹಲ್ಲು ಕಿರಿಯುತ್ತೇವೆ.

ಅದೇ ಊರಿನಲ್ಲಿದ್ದ ಹೆಂಡತಿಯ ಅಣ್ಣ ಮೊದಮೊದಲು ನಗುತ್ತಿದ್ದ: “ಏನಯ್ಯಾ, ಬಾಣಂತನ ಯಾವಾಗ?” ಆಮೇಲೆ ನಗುವೂ ನಿಂತಿತು. ಒಂದು ಭಾನುವಾರ ತಂಗಿಯ ಮನೆಗೆ ಅವಳ ವಾರ್ಡಿನ ಹಿರಿಯ ನರ್ಸು ಊಟಕ್ಕೆ ಬರುವವರಿದ್ದರು, ನಮ್ಮ ಭಾಷೆಯವರೇ. ಹಿಂದಿನ ದಿನ ಅಣ್ಣನ ಫೋನು ಬಂತು.

“ನೀನು ಎಂಜಿನಿಯರ್ ಅಂತ ಹೇಳಿದೀನಿ. ಆ ಕಡ್ಡಿ, ಉಂಡೆ, ಎಲ್ಲಾ ಮಂಚದ ಕೆಳಗೆ ತಳ್ಳು. ಮರ್ಯಾದೆ ಪ್ರಶ್ನೆ.”

“ಯಾರ ಮರ್ಯಾದೆ ಭಾವ?”

“ನನ್ನ ತಂಗೀದು!”

ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ಎತ್ತದೆ ಪಾತ್ರೆ ಒರೆಸುತ್ತಿದ್ದಳು. “ಒಂದು ದಿನ ತಾನೇ ರೀ,” ಎಂದಳು. ಅಣ್ಣನ ಮಾತು ಅವನಿಗೆ ತಾಗಿರಲಿಲ್ಲ. ಇದು ತಾಗಿತು.

ಭಾನುವಾರ ಅಡುಗೆ ಮುಗಿಸಿ, ಅರ್ಧ ಹೆಣೆದ ಟೋಪಿ ಕೈಯಲ್ಲಿ ಹಿಡಿದೇ ಬಾಗಿಲು ತೆಗೆದ. ನರ್ಸಮ್ಮನ ಹಿಂದೆ ನಿಂತಿದ್ದ ಅಣ್ಣನ ಮುಖ ಹುಳ್ಳಗಾಯಿತು. ಆದರೆ ನರ್ಸಮ್ಮ ಇವನನ್ನು ನೋಡಲೇ ಇಲ್ಲ, ಅವರ ಕಣ್ಣು ಅವನ ಹೆಂಡತಿಯ ಮೈಮೇಲಿತ್ತು.

“ಅದೇ ಸ್ವೆಟರ್! ಯಾವ ಅಂಗಡಿ ಅಂತ ಕೇಳಿ ಕೇಳಿ ಸಾಕಾಯ್ತು ಕಣೇ. ಡಿಸ್ಕೌಂಟಲ್ಲಿ ಸಿಕ್ತು ಅಂತೀಯ, ಅಂಗಡಿ ಮಾತ್ರ ಬಾಯಿ ಬಿಡಲ್ಲ.”

ಅವನು ಹೆಣೆದುಕೊಟ್ಟದ್ದು ಅದು; ಮೂರನೇ ಚಳಿಗಾಲವಿಡೀ ಅವಳು ಅದನ್ನೇ ತೊಟ್ಟು ಡ್ಯೂಟಿಗೆ ಹೋಗಿದ್ದಳು. ಇಡೀ ವಾರ್ಡಿಗೆ ತನ್ನ ಕೈಕೆಲಸ ಗೊತ್ತು ಎಂದೇ ಅವನು ನಂಬಿದ್ದ.

“ಆನ್‌ಲೈನಲ್ಲಿ ತರ್ಸಿದ್ದು,” ಅಣ್ಣ ನಡುವೆ ಬಾಯಿ ಹಾಕಿದ.

“ಎಡಗಡೆ ತೋಳು ಎರಡು ಬೆರಳು ಉದ್ದ ಇದೆ ನೋಡಿ ಮೇಡಂ,” ಎಂದ ವೆಲ್ಡರ್. “ಅಂಥದ್ದನ್ನ ಯಾವ ಅಂಗಡಿಯವನೂ ಮಾರಲ್ಲ.”

ಉಳಿದದ್ದನ್ನು ಅವಳೇ ಹೇಳಬೇಕಿತ್ತು, ಅವನು ಕಾದ. ಅವಳು ಮಡಚಿಕೊಂಡಿದ್ದ ಎಡ ತೋಳನ್ನು ಬಿಚ್ಚಿದಳು. ಅದು ಅರ್ಧ ಅಂಗೈ ಮುಚ್ಚುವಷ್ಟು ಇಳಿಯಿತು.

“ಇವ್ರು ಹೆಣೆದಿದ್ದು,” ಎಂದಳು. “ನಾನು ಸುಳ್ಳು ಹೇಳಿದ್ದೆ ಮೇಡಂ. ಇವ್ರು ವೆಲ್ಡರ್. ಎಂಜಿನಿಯರ್ ಅನ್ನೋದೂ ಸುಳ್ಳು.”

“ಊರಲ್ಲಿ ಗೊತ್ತಾದ್ರೆ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ,” ಅಣ್ಣ ಗೊಣಗಿದ.

ವೆಲ್ಡರ್ ಟೋಪಿಯ ಸಾಲನ್ನು ಬಿಟ್ಟಲ್ಲಿಂದ ಎತ್ತಿಕೊಂಡ.

“ನೀವೇ ಹೇಳ್ಬಿಡಿ ಭಾವ. ಹಾಗೇ ಅವರವರ ಸ್ವೆಟರ್ ಅಳತೇನೂ ಕಳಿಸೋಕೆ ಹೇಳಿ.”