ನನ್ನ ಎದೆಯ ಚುಕ್ಕೆ, ಕಾಳಯ್ಯನ ಟೇಪು

ಗುಬ್ಬಿಯಲ್ಲಿ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿರುವ ಕಾಳಯ್ಯನಷ್ಟು ಆತುರದ ಮನುಷ್ಯನನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ಕೊನೆಯ ತುತ್ತು ಮುದ್ದೆ ಗಂಟಲಿಗಿಳಿಯುವ ಮೊದಲೇ ಕೈ ತೊಳೆದಿರುತ್ತಾನೆ. ಹುತ್ರಿದುರ್ಗದ ರೈತರ ಮನೆಯವನು. ಐಟಿಐ ಮುಗಿಸಿ ಅಂತರಸನಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದ, ಅಲ್ಲಿನ ಮೆಷಿನ್ನುಗಳು ನಿಧಾನವೆಂದು ಬಿಟ್ಟ. ಈಗ ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ವಯಸ್ಸು ನಲವತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ಬ್ರೇಕು ಬಿದ್ದಿಲ್ಲ.

ಕೊಬ್ಬರಿ ವ್ಯಾಪಾರದಲ್ಲೇ ತಲೆ ನರೆತ ನನಗೆ ಅವನು ಸಂಜೆ ಜಗಲಿಯ ಮೇಲೆ ಕೂತು ಟೇಪಿನ ಪುರಾಣ ಬಿಚ್ಚುತ್ತಿದ್ದ. ರೋಗಿಗಳ ಸ್ಕ್ಯಾನ್ ಚಿತ್ರಗಳನ್ನೆಲ್ಲ ಅಂಗೈಯಗಲದ ಟೇಪು ಡಬ್ಬಿಗಳಿಗೆ ನಕಲು ಮಾಡಿ ಇಡುತ್ತಾರಂತೆ. ಕಂಪ್ಯೂಟರ್ ಕೆಟ್ಟು ಕೂತರೂ ಡಬ್ಬಿಯಲ್ಲಿದ್ದದ್ದು ಉಳಿಯುತ್ತದೆ. ಅದಕ್ಕೆ ಬರೆಯುವ, ಅದರಿಂದ ಓದುವ ಪೆಟ್ಟಿಗೆಯ ಹೆಸರು ಟೇಪ್ ಡ್ರೈವ್. ನಾಲ್ಕು ವರ್ಷದ ಹಿಂದೆ ಸೆಂಟರಿಗೆ ಹೊಸ ಡ್ರೈವ್ ಬಂದಾಗ ಇವನ ಸಂಭ್ರಮ ನೋಡಬೇಕಿತ್ತು.

"ಯಜಮಾನ್ರೇ, ಹಳೇದಕ್ಕೆ ಬೆಳಗ್ಗಿಂದ ಮಧ್ಯಾಹ್ನ ಆಗ್ತಿತ್ತು. ಇದು ನಾನ್ ತಿಂಡಿ ತಿಂದ್ ಬರೋದ್ರೊಳ್ಗೆ ಮುಗಿಸ್ತದೆ!"

ಮಾಲೀಕರ ತಲೆ ತಿಂದು ಹಳೆಯದನ್ನು ಗುಜರಿಗೆ ಹಾಕಿಸಿದ. ಅಷ್ಟಕ್ಕೆ ಬಿಟ್ಟನೇ? ಕುಣಿಗಲ್‌ನಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯ ಮಲ್ಲಿಕಾರ್ಜುನ್ ಬಳಿ, ವಿಡಿಯೋಗಳನ್ನು ತುಂಬಿಡಲು, ಅದೇ ಹಳೇ ಮಾದರಿಯ ಡ್ರೈವ್ ಇತ್ತು. ನಾಲ್ಕು ಜನರ ಮುಂದೆ "ಎತ್ತಿನ ಗಾಡಿ ಕಣೋ ಇದು, ಮ್ಯೂಸಿಯಂಗೆ ಕೊಡು" ಎಂದು ಅಣಕಿಸಿ ಬಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಳೆದ ಕಾರ್ತಿಕದಲ್ಲಿ ನನಗೆ ಕೆಮ್ಮು ಹಿಡಿಯಿತು. ತುಮಕೂರಿನ ಡಾಕ್ಟರ್ ಉಮಾಮಹೇಶ್ವರಿ ಸ್ಕ್ಯಾನ್ ಮಾಡಿಸಿ ನೋಡಿ, ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಚುಕ್ಕೆ ಇದೆ ಎಂದರು.

"ಹಳೇ ಕಲೆ ಇರಬಹುದು, ಕ್ಯಾನ್ಸರೂ ಇರಬಹುದು. ಹಿಂದೆ ಯಾವಾಗಾದ್ರೂ ಎದೆ ಸ್ಕ್ಯಾನ್ ಮಾಡ್ಸಿದ್ರಾ? ಆಗ್ಲೂ ಇಷ್ಟೇ ಇದ್ದಿದ್ರೆ ಭಯ ಇಲ್ಲ. ಇಲ್ದಿದ್ರೆ ಆಪರೇಷನ್ ಮಾಡಿ ತೆಗ್ದು ನೋಡ್ಬೇಕು."

ಮಾಡಿಸಿದ್ದೆ! ಒಂಬತ್ತು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದಾಗ, ಕಾಳಯ್ಯನ ಸೆಂಟರಿನಲ್ಲೇ. ಮನೆಗೆ ಬಂದು ಫಿಲಂ ಎಲ್ಲಿ ಎಂದು ಕೇಳಿದರೆ ಹೆಂಡತಿ ಚೆನ್ನಮ್ಮ ತಲೆ ತಗ್ಗಿಸಿ ನಿಂತಳು. ಸೂರ್ಯಗ್ರಹಣದ ದಿನ ಅದನ್ನು ಕತ್ತರಿಯಲ್ಲಿ ತುಂಡು ತುಂಡು ಮಾಡಿ, ಇದರಲ್ಲಿ ನೋಡಿ ಎಂದು ಬೀದಿಗೆಲ್ಲ ಹಂಚಿದ್ದಳು. ನನಗೂ ಒಂದು ತುಂಡು ಕೊಟ್ಟಿದ್ದಳು. ಶಿವನೇ, ನನ್ನ ಎದೆಯೊಳಗಿಂದಲೇ ನಾನು ಗ್ರಹಣ ನೋಡಿದ್ದೆ!

"ಫಿಲಂ ಹೋದ್ರೆ ಹೋಗ್ಲಿ ಬುಡಿ, ನಮ್ ಟೇಪಲ್ಲಿ ಐತೆ" ಎಂದು ಕಾಳಯ್ಯ ಹಾರಾಡಿಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದಾಗ ಮುಖ ಹುಳ್ಳಗಿತ್ತು.

"ಏನ್ಲಾ ಕಾಳಯ್ಯ, ಸಿಕ್ತಾ?"

"ಟೇಪು ಐತೆ ಯಜಮಾನ್ರೇ. ಹೊಸ ಡ್ರೈವು ಓದ್ತಿಲ್ಲ. ಅದು ತನ್ನ ಹಿಂದಿನ ಎರಡು ತಲೆಮಾರಿನ ಟೇಪು ಮಾತ್ರ ಓದ್ತದೆ. ನಿಮ್ದು ಮೂರನೇ ತಲೆಮಾರಿಂದು. ಅಪ್ಪ ಗೊತ್ತು, ತಾತ ಗೊತ್ತು, ಮುತ್ತಾತ ಯಾರೋ ಗೊತ್ತಿಲ್ಲ ಅಂತದೆ."

"ಹಳೇ ಡ್ರೈವ್ ಇದ್ದಾಗ್ಲೇ ಎಲ್ಲಾನೂ ಹೊಸ ಟೇಪಿಗೆ ತುಂಬ್ಕೋಬೇಕು ಅಂತ ಹೊಳೀಲಿಲ್ವೇನೋ?"

"ನಾಳೆ ಮಾಡಾನ, ನಾಳೆ ಮಾಡಾನ ಅಂತ..."

ನನಗೆ ಪಿತ್ತ ನೆತ್ತಿಗೇರಿತು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಅಂದಿಲ್ಲ ಕಣೋ! ನಿನ್ ಸ್ಪೀಡಿಗೆ ನಾನ್ ಎದೆ ಕುಯ್ಸ್ಕೋಬೇಕಾ?" ಬೈದು ಒಳಗೆ ಬಂದೆ. ನನಗೆ ಸಾಯಲು ಭಯವಾಗಿತ್ತು.

ಮರುದಿನ ಬೆಳಗ್ಗೆ ಕಾಳಯ್ಯ ಮಾಲೀಕರನ್ನು ಒಪ್ಪಿಸಿ, ಮಲ್ಲಿಕಾರ್ಜುನನ ಹಳೇ ಡ್ರೈವಿನಲ್ಲಿ ಓದಿಸೋಣವೆಂದು ಟೇಪನ್ನು ಬ್ಯಾಗಿಗೆ ಹಾಕಿಕೊಂಡ. ನಾನೂ ಬರುತ್ತೇನೆಂದು ಹಟ ಹಿಡಿದು ಅವನ ಬೈಕಿನ ಹಿಂದೆ ಕೂತೆ. ಕುಣಿಗಲ್ ಮುಟ್ಟುವವರೆಗೆ ನಾನು ಕರೆಯದ ದೇವರಿಲ್ಲ. ಸ್ಟುಡಿಯೋ ಬಾಗಿಲಿಗೆ ಕೈ ಅಡ್ಡ ಇಟ್ಟು ಮಲ್ಲಿಕಾರ್ಜುನ್ ನಿಂತಿದ್ದ.

"ಎತ್ತಿನ ಗಾಡಿ ತಾವ ವಿಮಾನದೋರಿಗೆ ಏನಪ್ಪ ಕೆಲ್ಸ?"

"ತಪ್ಪಾಯ್ತು ಕಣೋ ಮಲ್ಲಿ. ಅದು ಗಾಡಿ ಅಲ್ಲ, ತೇರು."

"ಕೇಳಿಸ್ಲಿಲ್ಲ. ಜೋರಾಗ್ ಹೇಳ್ಲಾ."

"ತೇರು ಕಣೋ, ತೇರು!" ಎಂದು ಕಾಳಯ್ಯ ಕೂಗಿದ ಸದ್ದಿಗೆ ಪಕ್ಕದ ಅಂಗಡಿಯವರು ಇಣುಕಿದರು. ನನಗೆ ತಡೆಯಲಾಗಲಿಲ್ಲ. "ಜಗಳ ಆಮೇಲ್ ಆಡ್ಕಳಿ ಕಣ್ರಪ್ಪ. ಆ ಡಬ್ಬಿ ಒಳಗಿರೋ ಎದೆ ನಂದು" ಎಂದೆ.

ಮಲ್ಲಿಕಾರ್ಜುನನ ಮುಖ ಇಳಿದುಹೋಯಿತು. ನನಗೆ ಕುರ್ಚಿ ಎಳೆದು ಹಾಕಿ, ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಿದ.

ಟೇಪು ಸರ್ರನೆ ಓಡಿತು, ನಿಂತಿತು, ಹಿಂದಕ್ಕೆ ಬಂತು, ಮತ್ತೆ ಓಡಿತು. ನನ್ನ ಜೀವವೂ ಅದರ ಜೊತೆ ಹೋಗಿ ಬರುತ್ತಿತ್ತು. ಮಲ್ಲಿಕಾರ್ಜುನನ ಕಂಪ್ಯೂಟರು ಹಳೆಯದು. ಡ್ರೈವ್ ಕೊಡುವಷ್ಟು ಬೇಗ ಅದು ಬರೆದುಕೊಳ್ಳುತ್ತಿರಲಿಲ್ಲ, ಟೇಪು ಪ್ರತಿ ಸಲ ನಿಂತು ಬಿಟ್ಟ ಜಾಗವನ್ನು ಹುಡುಕಬೇಕಾಗಿತ್ತು.

"ಹಿಂಗೇ ಎಳ್ದಾಡಿದ್ರೆ ಟೇಪು ಸವೆದೋಯ್ತದೆ, ನಿಲ್ಸು" ಎಂದ ಕಾಳಯ್ಯ, ತಾನು ತಂದಿದ್ದ ವೇಗದ ಹೊಸ ಡಿಸ್ಕನ್ನು ಸಿಕ್ಕಿಸಿದ. ಟೇಪು ಎಲ್ಲೂ ನಿಲ್ಲದೆ ಒಂದೇ ಸಮನೆ ಓಡತೊಡಗಿತು.

"ನೋಡ್ದಾ? ಸ್ಪೀಡು ಬೇಕಪ್ಪ."

"ಬೇಕು. ಓದಕ್ಕೂ ಬರ್ಬೇಕು" ಎಂದ ಮಲ್ಲಿಕಾರ್ಜುನ್. ಇಬ್ಬರೂ ನಾಲ್ಕು ವರ್ಷದ ಮೇಲೆ ಒಟ್ಟಿಗೆ ನಕ್ಕರು. ಅಷ್ಟರಲ್ಲಿ ಪರದೆಯ ಮೇಲೆ ಅಣ್ಣಯ್ಯಪ್ಪ ಎಂದು ನನ್ನ ಹೆಸರು ಬಂತು, ಕೆಳಗೆ ನನ್ನ ಪಕ್ಕೆಲುಬುಗಳು. ಮಲ್ಲಿಕಾರ್ಜುನ್ ನಮಗೆ ಕಾಫಿ ತರಿಸಿದ, ನನಗೆ ಕುಡಿಯಲಾಗಲಿಲ್ಲ.

ಮರುದಿನ ಚೆನ್ನಮ್ಮನನ್ನೂ ಕಾಳಯ್ಯನನ್ನೂ ಕರೆದುಕೊಂಡು ತುಮಕೂರಿಗೆ ಹೋದೆ. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಳತೆ ಹಾಕಿದರು. ಇನ್ನೊಮ್ಮೆ ಹಾಕಿದರು. ನಾನು ಚೆನ್ನಮ್ಮನ ಕೈ ಬಿಟ್ಟಿರಲಿಲ್ಲ.

"ಒಂದು ಕೂದಲೆಳೆ ಅಷ್ಟೂ ಬೆಳೆದಿಲ್ಲ ಅಣ್ಣಯ್ಯಪ್ಪನೋರೇ. ಹಳೇ ಕಲೆ. ಕೆಮ್ಮಿಗೆ ಸಿರಪ್ ಬರ್ಕೊಡ್ತೀನಿ, ಆರಾಮಾಗಿ ಮನೆಗೆ ಹೋಗಿ."

ಹೊರಗಿನ ಬೆಂಚಿನ ಮೇಲೆ ಕುಸಿದು ಚೆನ್ನಮ್ಮ ಎಲ್ಲರೆದುರು ಗೊಳೋ ಎಂದು ಅತ್ತಳು. ಸಮಾಧಾನ ಮಾಡುತ್ತಾನೇನೋ ಎಂದು ಕಾಳಯ್ಯನ ಕಡೆ ನೋಡಿದರೆ, ಅವನು ಅವಳಿಗಿಂತ ಜೋರಾಗಿ ಅಳುತ್ತಿದ್ದ. ಇಬ್ಬರನ್ನೂ ನಾನೇ ಸಮಾಧಾನ ಮಾಡಿ ಮಸಾಲೆ ದೋಸೆ ಕೊಡಿಸಬೇಕಾಯಿತು.

ಮುಂದಿನ ಭಾನುವಾರ ಬೆಳಗ್ಗೆ ಹಿತ್ತಲಿಗೆ ಹೋದಾಗ ಕಾಳಯ್ಯ ಬೈಕಿಗೆ ಒಂದು ಚೀಲ ಕಟ್ಟುತ್ತಿದ್ದ. ಒಳಗೆ ಸೆಂಟರಿನ ಹಳೇ ಟೇಪು ಡಬ್ಬಿಗಳು. ಅಂಥವು ಅಲ್ಲಿ ಇನ್ನೂ ಒಂದು ಬೀರು ತುಂಬ ಇವೆಯಂತೆ.

"ಎಲ್ಲಾನೂ ಹೊಸ ಟೇಪಿಗೆ ತುಂಬೋಕೆ ವರ್ಷ ಹಿಡೀತದೆ ಅಂತಾನೆ ಮಲ್ಲಿ."

"ರಜಾ ದಿನ ಆರಾಮಾಗಿ ಮಲ್ಕೋಬಾರ್ದೇನ್ಲಾ? ನಂದು ಸಿಕ್ತಲ್ಲ."

"ನಿಮ್ದು ಸಿಕ್ತು ಯಜಮಾನ್ರೇ. ಉಳಿದೋರ್ದು?"

ಚೀಲ ಒಂದು ಕಡೆ ವಾಲುತ್ತಿತ್ತು. ಹಗ್ಗದ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆದು ಕಟ್ಟಿದೆ.