ಸೀರೆ ಗಂಟಾಗಿ ಹೋದ ನನ್ನ ಸೈಕಲ್

೧೯೭೯ನೇ ಇಸವಿ. ನರ್ಸ್ ತರಬೇತಿ ಮುಗಿಸಿ, ರಬಕವಿಯ ದವಾಖಾನೆಯೊಂದರಲ್ಲಿ ವರ್ಷದ ಮಟ್ಟಿಗೆ ತಾತ್ಕಾಲಿಕ ಕೆಲಸ ಮಾಡುತ್ತಿದ್ದ ನನಗೆ ಸರಕಾರಿ ನೌಕರಿಯ ಆದೇಶ ಬಂತು. ಊರು ನೋಡಿದರೆ ಹುಣಸೂರಿನ ಆಚೆಯ ಒಂದು ಹಳ್ಳಿ! ಬನಹಟ್ಟಿಯ ನಮ್ಮ ಓಣಿಯವರಿಗೆ ಮೈಸೂರು ಎಂದರೆ ಅರಮನೆ, ಪಾಕು ಅಷ್ಟೇ. ಅದರಾಚೆಗೂ ಮನುಷ್ಯರಿದ್ದಾರೆ ಎಂಬುದು ಅಂದೇ ಅವರಿಗೆ ಗೊತ್ತಾದದ್ದು. "ಅಷ್ಟ ದೂರ ಒಬ್ಬಾಕಿನ್ನ ಹೆಂಗ ಕಳಸ್ತೀರಿ?" ಎಂದು ಬಂದವರೆಲ್ಲ ಅವ್ವನ ಮುಂದೆ ಕೂತು ಗಲ್ಲಕ್ಕೆ ಕೈ ಹಚ್ಚಿದರು. ನನ್ನ ಬಗ್ಗೆ ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಚಿಂತೆಯೆಲ್ಲ ನನ್ನ ಸೈಕಲ್ಲಿನದು.

ಅದು ತೇರದಾಳದ ಮಾಸ್ತರರೊಬ್ಬರ ಮಗಳು ಓಡಿಸಿ ಬಿಟ್ಟಿದ್ದ ಲೇಡೀಸ್ ಸೈಕಲ್. ನಾನು ಸೀರೆ ಉಟ್ಟು ಅದರ ಮೇಲೆ ದವಾಖಾನೆಗೆ ಹೊರಟರೆ ಮೊದಮೊದಲು ದಾರಿಯ ಜನ ನಿಂತು ನೋಡುತ್ತಿದ್ದರು. ಒಂದು ತಿಂಗಳಲ್ಲಿ ಅವರಿಗೇ ಬೇಸರ ಬಂದು ಬಿಟ್ಟುಬಿಟ್ಟರು. ಹೊಸ ಊರಿನಲ್ಲಿ ನಾನು ಐದು ಹಳ್ಳಿ ತಿರುಗಬೇಕಿತ್ತು. ಸೈಕಲ್ ಇಲ್ಲದೆ ಆಗುವ ಕೆಲಸವಲ್ಲ, ಇನ್ನೊಂದು ಕೊಳ್ಳುವ ಶಕ್ತಿಯೂ ಇರಲಿಲ್ಲ. ಹೇಗಾದರೂ ಕಡಿಮೆ ಖರ್ಚಿನಲ್ಲಿ ಅದನ್ನು ಸಾಗಿಸಬೇಕು.

ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. ಬಸ್ಸಿನ ಮೇಲೆ ಹಾಕಬಹುದು, ಆದರೆ ಹುಬ್ಬಳ್ಳಿಯವರೆಗೆ ಮಾತ್ರ. ಅಲ್ಲಿ ಇಳಿಸಬೇಕು, ಮತ್ತೆ ಏರಿಸಬೇಕು, ಮುಂದೆ ಇನ್ನೊಂದು ಕಡೆ ಅದೇ ಕಥೆ. ರೈಲಿಗಾದರೆ ಮೊದಲು ಕುಡಚಿಯವರೆಗೆ ಒಯ್ಯಬೇಕು. ಕೊನೆಗೆ ಸೀರೆ ಗಂಟುಗಳನ್ನು ಮೈಸೂರಿಗೆ ಸಾಗಿಸುವ ಲಾರಿ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತ ಹೇಳಿದ ಬಾಡಿಗೆ ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ಏನ್ರೀ ಇದು? ಕೂಸು ಎತ್ತಿದಂಗ ಎತ್ತಬಹುದು, ಅಷ್ಟ ಹಗುರ ಐತಿ!"

"ತೂಕ ಅಲ್ರಿ ಅಕ್ಕಾರ, ನಾವು ಜಾಗಾ ನೋಡ್ತೇವಿ. ಹ್ಯಾಂಡಲ್ ಮ್ಯಾಲ ಏನರ ಇಡಾಕ ಬರತೈತೇನ್ರಿ? ನಾಕ ಗಂಟಿನ ಜಾಗಾ ತಿಂತೈತಿ."

"ಹಂಗಾರ ಅದ ಒಂದ ಗಂಟಿನಷ್ಟ ಆದ್ರ?"

"ಆದ್ರ ಒಂದ ಗಂಟಿನ ಬಾಡಿಗಿ. ಆಗಬೇಕಲ್ರಿ ಮತ್ತ!" ಎಂದು ಆತ ನಕ್ಕ.

ಆ ನಗುವೇ ಸಾಕಾಯಿತು. ನೇಕಾರರ ಮನೆಯಲ್ಲಿ ಹುಟ್ಟಿದವಳ ಮುಂದೆ ಗಂಟು ಆಗುವುದಿಲ್ಲ ಎನ್ನುವುದೇ? ನೆಟ್ಟಗೆ ಮನೆಗೆ ಬಂದೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಮಗ್ಗದ ಮೇಲೆ ಬದನೆಕಾಯಿ ಬಣ್ಣದ ಸೀರೆ, ಕೆಂಪು ಅಂಚು. ಸಾವಕಾರರು ನೂಲು ಕೊಟ್ಟು ನೇಯಿಸುವ ಸೀರೆಗಳಲ್ಲಿ ಆ ಬಣ್ಣ ನಾನು ಕಂಡಿರಲಿಲ್ಲ. ಮುಟ್ಟಿ ನೋಡಲು ಕೈ ಚಾಚಿದೆ.

"ಮುಟ್ಟಬ್ಯಾಡ, ಮೈಸೂರ ಕಡಿ ಆರ್ಡರ್ ಐತಿ" ಎಂದ ಅಪ್ಪ.

ನಾನು ಸೈಕಲ್ಲಿನ ವಿಷಯ ಹೇಳಿದೆ. ಅವನು ಲಾಳಿ ನಿಲ್ಲಿಸಿ, ಸೈಕಲ್ಲನ್ನೇ ಒಂದು ಗಳಿಗೆ ನೋಡಿ, "ಗಾಲಿ ಬಿಚ್ಚಿಸಿ ತಾ, ಕಟ್ಟೂಣು" ಎಂದ. ಅಪ್ಪ ಮಾತಿನಲ್ಲಿ ಬಲು ಜಿಪುಣ.

ಗಾಲಿ, ಹ್ಯಾಂಡಲ್, ಪೆಡಲ್, ಸೀಟು ಎಲ್ಲ ಬಿಚ್ಚಿಸಿದೆ. ಸಾವಕಾರರ ಗೋದಾಮಿನಲ್ಲಿ ಅಂಚು ಹರಿದಿದ್ದಕ್ಕೆ ಬದಿಗೆ ಎಸೆದಿದ್ದ ಒಂದು ಗೋಣಿತಟ್ಟನ್ನು ಬೇಡಿ ತಂದೆ. ಅದರ ಮೇಲೆ ಕಪ್ಪು ಬಣ್ಣದಲ್ಲಿ ದುಂಡು ಗೆರೆ, ಒಳಗೆ ಮೂರು ಚುಕ್ಕಿ ಬರೆದಿದ್ದರು. ಒಬ್ಬೊಬ್ಬ ವ್ಯಾಪಾರಿಯ ಗಂಟಿಗೆ ಒಂದೊಂದು ಗುರುತು, ಇದು ಮೈಸೂರಿನ ಒಂದು ಸೀರೆ ಅಂಗಡಿಯದು.

"ಗುರುತು ಒಳಗ ಹಾಕೂಣು" ಎಂದ ಅಪ್ಪ. "ಹಮಾಲರು ಅಕ್ಷರ ಓದೂದಿಲ್ಲ. ಗುರುತು ನೋಡಿ ಗಂಟ ಎತ್ತತಾರ."

"ಒಳಗ ಹಾಕಿದ್ರ ಆ ಕರೀ ಬಣ್ಣ ಸೈಕಲ್ಲಿಗೆ ಮೆತ್ತತೈತಿ. ಹೊರಗ ಇರಲಿ ಬಿಡಪಾ. ನನ್ನ ಹೆಸರು ಎಷ್ಟ ದೊಡ್ಡದ ಬರಿತೇನಿ ನೋಡು, ಅರಮನಿ ಮ್ಯಾಲ ನಿಂತವರಿಗೂ ಕಾಣಬೇಕು!"

ಅಪ್ಪ ಗೋಣಿತಟ್ಟನ್ನು ಗುರುತು ಹೊರಗೆ ಬರುವಂತೆ ಮಗುಚಿ ಹಾಸಿದ. ನಾನು ಬಿಳಿ ಅರಿವೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ವಿಳಾಸ ಬರೆದುಕೊಟ್ಟು, ಗೆಳತಿಯರಿಗೆ ಹೇಳಿಬರಲು ಹೋದೆ. ತಿರುಗಿ ಬರುವಷ್ಟರಲ್ಲಿ ದಬ್ಬಣ, ಸುತಳಿ ಹಿಡಿದು ಅಪ್ಪ ಗಂಟನ್ನು ಹೊಲಿದು ಮುಗಿಸಿದ್ದ. ಎಲ್ಲಿ ನೋಡಿದರೂ ಸೀರೆ ಗಂಟೇ. ಲಾರಿ ಆಫೀಸಿನ ಗುಮಾಸ್ತ ಅದನ್ನು ಸುತ್ತುಹಾಕಿ ನೋಡಿ ಒಂದು ಗಂಟಿನ ರಸೀದಿ ಬರೆದುಕೊಟ್ಟ. ನಾನು ಗೆದ್ದೆ ಎಂದು ಬೀಗುತ್ತಾ ಊರು ಬಿಟ್ಟೆ.

ಹೊಸ ಊರಿನ ಆಸ್ಪತ್ರೆಯ ಡಾಕ್ಟರು ವಯಸ್ಸಾದವರು. "ದೂರದ ಮೂರು ಹಳ್ಳಿಗೆ ಹೇಗೆ ಹೋಗ್ತೀರಮ್ಮಾ?" ಎಂದು ಕೇಳಿದರು. "ನನ್ನ ಸೈಕಲ್ ಬರಾಕತ್ತೈತ್ರಿ ಸರ್" ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ನನ್ನ ಭಾಷೆಗೋ ಸೈಕಲ್ಲಿಗೋ ತಿಳಿಯಲಿಲ್ಲ. ಹತ್ತು ದಿನ ಕಳೆದರೂ ಸೈಕಲ್ಲಿನ ಸುದ್ದಿ ಇಲ್ಲ. ಡಾಕ್ಟರು ಕರೆದು, "ಸೋಮವಾರದ ತನಕ ನೋಡ್ತೀನಿ. ಆಮೇಲೆ ಆ ಹಳ್ಳಿಗಳನ್ನ ಬೇರೆಯವರಿಗೆ ಕೊಡ್ತೀನಿ. ನೀವು ಇಲ್ಲೇ ರಿಜಿಸ್ಟರ್ ಬರ್ಕೊಂಡು ಕೂತಿರಿ" ಎಂದರು. ರಿಜಿಸ್ಟರ್ ಬರೆಯಲು ಬನಹಟ್ಟಿಯಿಂದ ಅಲ್ಲಿಯವರೆಗೆ ಬರಬೇಕಿತ್ತೇ?

ಶನಿವಾರ ರಜೆ ಹಾಕಿ ಮೈಸೂರಿನ ಲಾರಿ ಗೋದಾಮಿಗೆ ಹೋದೆ. "ಬನಹಟ್ಟಿ ಮಾಲೆಲ್ಲ ಆವಾಗಲೇ ಡೆಲಿವರಿ ಆಗೋಯ್ತಲ್ಲಮ್ಮಾ" ಎಂದ ಅಲ್ಲಿನವನು. ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ ಮುದುಕ ಹಮಾಲನೊಬ್ಬ, "ಗುರುತೇನವ್ವ?" ಎಂದ. ಹೇಳಿದೆ. "ಮೂರು ಚುಕ್ಕಿ ಗಂಟೆಲ್ಲ ಸೀರೆ ಅಂಗಡಿಗೇ ಕಣವ್ವ ಹೋಗೋದು. ನಾನೇ ಹೊತ್ತಾಕಿದ್ದೀನಿ" ಎಂದು ಅಂಗಡಿಯ ದಾರಿ ತೋರಿಸಿದ. ಅಪ್ಪನ ಮಾತು ಆಗ ನೆನಪಾಯಿತು. ಅರಮನೆಯ ಮೇಲಿನವರಿಗೆ ನನ್ನ ಹೆಸರು ಕಂಡಿತ್ತೋ ಏನೋ, ಬೇಕಾದವರಿಗೆ ಕಾಣಲಿಲ್ಲ.

ಅಂಗಡಿಯ ಬಿಳಿ ಗಾದಿಯ ಮೇಲೆ ಯಜಮಾನರು ಕೂತಿದ್ದರು. ನಾನು "ನನ್ನ ಸೈಕಲ್..." ಎನ್ನುವಷ್ಟರಲ್ಲಿ, "ಓಹೋ, ಬಂದ್ರಾ! ಹೊಸ ಸೀರೆ ಬಂದಿದೆ ನೋಡಿ ಅಂತ ಮದುವೆ ಜನದ ಮುಂದೆ ಗಂಟು ಬಿಚ್ಚಿದ್ರೆ ಚಕ್ರ ಉರುಳ್ಕೊಂಡು ಬಂತಲ್ಲಮ್ಮಾ!" ಎಂದರು. ಗಾದಿಯ ಮೇಲಿದ್ದ ಗ್ರೀಸಿನ ಕಲೆಯನ್ನೂ ತೋರಿಸಿದರು. ನಾನು ನಾಚಿಕೆಯಿಂದ ನೆಲ ನೋಡುತ್ತಾ ತಪ್ಪು ನನ್ನದೇ ಎಂದೆ, ಅಪ್ಪನ ಮಾತು ಕೇಳದೆ ಗುರುತನ್ನು ಹೊರಗೆ ಇಡಿಸಿದ್ದನ್ನು ಹೇಳಿದೆ. ಅವರ ಸಿಟ್ಟು ಇಳಿದು ನಗು ಬಂತು. "ವಿಳಾಸ ಆಮೇಲೆ ಕಂಡ್ತು. ನಿಮಗೆ ಕಾಗದ ಹಾಕಬೇಕು ಅಂತಲೇ ಇದ್ದೆ" ಎಂದು ಒಳಗಿನಿಂದ ಎಲ್ಲವನ್ನೂ ತರಿಸಿದರು. ಒಂದು ನಟ್ಟೂ ಕಳೆದಿರಲಿಲ್ಲ.

ಆಮೇಲೆ ಕಪಾಟಿನಿಂದ ಒಂದು ಸೀರೆ ತೆಗೆದು, "ಇದನ್ನ ಸೈಕಲ್ ಮೈಗೆ ಸುತ್ತಿದ್ರು. ನಮ್ಮ ಸೀರೆಗೆಲ್ಲ ಬನಹಟ್ಟಿ ಸಾವಕಾರರ ಚೀಟಿ ಇರುತ್ತೆ, ಇದಕ್ಕಿಲ್ಲ. ಯಾರದ್ದಮ್ಮಾ ಇದು?" ಎಂದರು.

ಬದನೆಕಾಯಿ ಬಣ್ಣ, ಕೆಂಪು ಅಂಚು.

ನಾನು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಮನೆಯಲ್ಲಿ ವರ್ಷವಿಡೀ ಸೀರೆ ನೇಯುತ್ತಿದ್ದರು, ಆದರೆ ಮನೆಯ ಹೆಂಗಸರು ಉಟ್ಟದ್ದು ಎಳೆ ತಪ್ಪಿದ್ದು, ಕಲೆ ಬಿದ್ದದ್ದು, ಸಾವಕಾರರು ಬೇಡವೆಂದದ್ದು. ನಮ್ಮ ಮಗ್ಗದ ಮೇಲಿನ ಚೊಕ್ಕ ಸೀರೆಯೊಂದು ನಮ್ಮ ಮನೆಯಲ್ಲಿ ಉಳಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವ್ವನ ಹತ್ತಿರವೂ ಇರಲಿಲ್ಲ. ಅಪ್ಪ ಸ್ವಂತ ನೂಲು ತಂದು, ನನ್ನ ಕಣ್ಣೆದುರಿಗೇ ನೇಯ್ದು, ಮೈಸೂರಿನ ಆರ್ಡರ್ ಎಂದಿದ್ದ.

"ನನ್ನದ್ರಿ" ಎಂದೆ. ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಒಳ್ಳೆ ಕೈ ಅಮ್ಮಾ ನೇಯ್ದವರದ್ದು. ಕೊಡೋದಾದ್ರೆ ನಾನು ಇಟ್ಕೋತೀನಿ."

"ಇಲ್ರಿ. ಇದು ಮಾರಾಕಲ್ರಿ."

ಯಜಮಾನರು ಮತ್ತೆ ಕೇಳಲಿಲ್ಲ. ಪರಿಚಯದ ಸೈಕಲ್ ಅಂಗಡಿಯವನನ್ನು ಕರೆಸಿ, ಸೈಕಲ್ ಜೋಡಿಸಿಕೊಡಲು ಹೇಳಿ, ಅದರ ಜೊತೆಗೇ ನನ್ನನ್ನು ಹುಣಸೂರಿನ ಬಸ್ಸಿಗೆ ಹತ್ತಿಸಿದರು. ಅವರ ಗಾದಿ ಹಾಳುಮಾಡಿದವಳಿಗೆ ಅಷ್ಟು ಮಾಡುವ ಅಗತ್ಯವೇನೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಆ ಸೀರೆ ಉಟ್ಟು, ಗಂಟೆ ಬಾರಿಸುತ್ತಾ ಆಸ್ಪತ್ರೆಯ ಅಂಗಳಕ್ಕೆ ಸೈಕಲ್ ಬಿಟ್ಟೆ. ಡಾಕ್ಟರು ಹೊರಗೆ ಬಂದು ನೋಡಿ, ಐದೂ ಹಳ್ಳಿಯ ಪಟ್ಟಿ ನನ್ನ ಕೈಗಿಟ್ಟರು. ಮುಂದೆ ಆರು ವರ್ಷ ಆ ಹಳ್ಳಿಗಳನ್ನು ನಾನೇ ತಿರುಗಿದೆ.

ದೀಪಾವಳಿಗೆ ಊರಿಗೆ ಹೋಗುವಾಗಲೂ ಅದೇ ಸೀರೆ ಉಟ್ಟಿದ್ದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ಅಪ್ಪ ಮಗ್ಗದಿಂದ ತಲೆ ಎತ್ತಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಎಷ್ಟು ಒಗೆದರೂ ಹೋಗದಿದ್ದ ಗ್ರೀಸಿನ ಕಲೆಯೊಂದು ಸೆರಗಿನ ಮೇಲಿತ್ತು. ಅದರ ಮೇಲೆ ಬೆರಳಾಡಿಸಿ, "ಚೈನಿಗಿ ಬ್ಯಾರೆ ಅರಿವಿ ಸುತ್ತಬೇಕಿತ್ತ ನೋಡು, ತಪ್ಪಿತು" ಎಂದ. ಮತ್ತೆ ಲಾಳಿ ಓಡಿಸತೊಡಗಿದ.

ನಾನು ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಮಗ್ಗದ ಬದಿಗೆ ಕೂತು ನೂಲು ಸುತ್ತತೊಡಗಿದೆ. ಸೈಕಲ್ ಎಂದೋ ಗುಜರಿ ಸೇರಿತು. ಸೀರೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಆ ಕಲೆ ತೆಗೆಸಿಕೊಡುತ್ತೇವೆ ಎಂದು ಎಷ್ಟೋ ಜನ ಹೇಳಿದರು, ನಾನು ಯಾರ ಕೈಗೂ ಕೊಟ್ಟಿಲ್ಲ.